ಪಾಠಕ್ಕೆ ಕಂಸವಿದೆ, ಚಿತ್ರಕ್ಕೆ ಯಾಕಿಲ್ಲ? ಶಾಸನದ ಓದಿನಲ್ಲಿ ಫೋಟೋ, ಪಡಿಯಚ್ಚು, ನಕ್ಷೆಗಳ ಪಾತ್ರ

ಶಾಸನದ ಪುಸ್ತಕಕ್ಕೆ ಚಿತ್ರ ಸೇರಿಸಿದಷ್ಟೂ ಓದುಗರಿಗೆ ಅನುಕೂಲ ಅನ್ನುವುದು ನಮ್ಮ ವಲಯದಲ್ಲಿ ಯಾರೂ ಪ್ರಶ್ನೆ ಮಾಡದ ಮಾತು. ಹಿಂದೆ ಬ್ಲಾಕ್ ಮಾಡಿಸುವ ಖರ್ಚಿಗೆ ಹೆದರಿ ಒಂದೆರಡು ಪ್ಲೇಟ್ ಹಾಕಿ ಮುಗಿಸುತ್ತಿದ್ದರು. ಈಗ ಒಂದೇ ಕಲ್ಲಿಗೆ ಮೊಬೈಲಿನಲ್ಲಿ ಐವತ್ತು ಫೋಟೋ ತೆಗೆಯುತ್ತೇವೆ, ಬಣ್ಣ ಹಚ್ಚಿದ ಆಳದ ಸ್ಕ್ಯಾನ್ ಹಾಕುತ್ತೇವೆ, ಪಕ್ಕದಲ್ಲಿ ಅಕ್ಷರ ವಿಕಾಸದ ಪಟ, ಕೆಳಗೆ ವಂಶವೃಕ್ಷ. ಪುಟ ನೋಡಲು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪುಟ ಮುಚ್ಚಿದ ಮೇಲೆ ಓದುಗನಿಗೆ ಶಾಸನ ಹೆಚ್ಚು ಅರ್ಥವಾಗಿದೆಯೇ, ಅಥವಾ ಅರ್ಥವಾಯಿತು ಅನ್ನುವ ಧೈರ್ಯ ಮಾತ್ರ ಹೆಚ್ಚಾಗಿದೆಯೇ? ಇವೆರಡೂ ಒಂದಲ್ಲ.

ನಾನು ವೃತ್ತಿಯಿಂದ ಎಂಜಿನಿಯರ್, ಲಿಪಿ ಕಲಿತದ್ದು ಪುಸ್ತಕ ಮತ್ತು ಕಲ್ಲುಗಳ ಎದುರು ಕೂತು. ಡ್ರಾಯಿಂಗ್ ಓದುವುದು ನನ್ನ ದಿನದ ಕೆಲಸ. ಡ್ರಾಯಿಂಗಿನಲ್ಲಿ ಎಳೆದ ಪ್ರತಿ ಗೆರೆಗೂ ಒಂದು ಅರ್ಥ ಇರುತ್ತದೆ. ತುಂಡು ಗೆರೆ ಅಂದರೆ ಕಣ್ಣಿಗೆ ಕಾಣದ ಅಂಚು, ಸರಪಳಿ ಗೆರೆ ಅಂದರೆ ಮಧ್ಯರೇಖೆ. ಸ್ಕೇಲ್ ಬರೆಯದ ಡ್ರಾಯಿಂಗನ್ನು ಸೈಟಿಗೆ ಕಳಿಸಿದರೆ ಮೇಸ್ತ್ರಿಯೇ ವಾಪಸ್ ಕಳಿಸುತ್ತಾನೆ. ಶಾಸನದ ಚಿತ್ರಗಳಲ್ಲಿ ಈ ಶಿಸ್ತು ನಮಗೆ ಇನ್ನೂ ಬಂದಿಲ್ಲ ಅನ್ನುವುದು ಈ ಬರಹದ ತಕರಾರು.

ಚಿತ್ರ ಯಾವಾಗ ಸಹಾಯ ಮಾಡುತ್ತದೆ

ಓದು ಮತ್ತು ಚಿತ್ರದ ಸಂಬಂಧದ ಬಗ್ಗೆ ಮನಶ್ಶಾಸ್ತ್ರದವರು ಸಾಕಷ್ಟು ಕೆಲಸ ಮಾಡಿದ್ದಾರೆ. 1972ರಲ್ಲಿ ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ ಪ್ರಕಟಿಸಿದ ಪ್ರಯೋಗ ಅದರಲ್ಲಿ ಪ್ರಸಿದ್ಧ. ಒಂದು ಸಣ್ಣ ಗದ್ಯ. ಪದಗಳೆಲ್ಲ ಸುಲಭ, ವಾಕ್ಯಗಳೂ ಸುಲಭ, ಆದರೆ ಒಟ್ಟಿಗೆ ಕೇಳಿದರೆ ತಲೆಬುಡ ಗೊತ್ತಾಗಲ್ಲ. ಅದಕ್ಕೊಂದು ಚಿತ್ರ ಇತ್ತು: ಎತ್ತರದ ಕಟ್ಟಡದ ಕಿಟಕಿಯಲ್ಲಿ ಹುಡುಗಿ, ಕೆಳಗೆ ಗಿಟಾರ್ ಹಿಡಿದ ಹುಡುಗ, ಅವನ ಹಾಡು ಅವಳಿಗೆ ತಲುಪಲಿ ಅಂತ ಬಲೂನುಗಳಿಗೆ ಕಟ್ಟಿ ಮೇಲೆ ತೇಲಿಬಿಟ್ಟ ಸ್ಪೀಕರ್. ಚಿತ್ರವನ್ನು ಮೊದಲು ನೋಡಿ ಆಮೇಲೆ ಗದ್ಯ ಕೇಳಿದವರು, ಚಿತ್ರ ನೋಡದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಸಂಗತಿ ನೆನಪಿಟ್ಟುಕೊಂಡರು. ಗದ್ಯ ಕೇಳಿ ಮುಗಿದ ಮೇಲೆ ಚಿತ್ರ ನೋಡಿದವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ. ಅವೇ ವಸ್ತುಗಳನ್ನು ಸಂಬಂಧ ತಪ್ಪಿಸಿ ಜೋಡಿಸಿದ ಇನ್ನೊಂದು ಚಿತ್ರ ನೋಡಿದವರಿಗೂ ಅಷ್ಟೇ.

ಇದರಿಂದ ಶಾಸನದವರು ತೆಗೆದುಕೊಳ್ಳಬೇಕಾದ ಪಾಠ ಎರಡು. ಚಿತ್ರ ಇದ್ದರೆ ಸಾಲದು, ಅದು ಪಠ್ಯದ ಒಳಗಿನ ಸಂಬಂಧವನ್ನೇ ತೋರಿಸಬೇಕು. ಮತ್ತೆ, ಅದು ಎಲ್ಲಿ, ಯಾವಾಗ ಕಣ್ಣಿಗೆ ಬೀಳುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಸ್ವೆಲ್ಲರ್ ಮತ್ತು ಚಾಂಡ್ಲರ್ ಅವರ ನಂತರದ ಕೆಲಸ ಈ ಎರಡನೆಯ ಮಾತನ್ನು ಬೇರೆ ಕಡೆಯಿಂದ ಗಟ್ಟಿ ಮಾಡಿತು: ಚಿತ್ರ ಒಂದು ಕಡೆ, ವಿವರಣೆ ಇನ್ನೊಂದು ಕಡೆ ಇದ್ದರೆ, ಎರಡನ್ನೂ ತಲೆಯಲ್ಲಿ ಹೊಂದಿಸುವುದರಲ್ಲೇ ಓದುಗನ ಶಕ್ತಿ ಖರ್ಚಾಗುತ್ತದೆ.

ನಮ್ಮ ಸಂಪುಟಗಳನ್ನು ಈ ಕಣ್ಣಿನಿಂದ ನೋಡಿ. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಕನ್ನಡ ಲಿಪಿಯ ಪಾಠ ಒಂದು ಭಾಗ, ರೋಮನ್ ಲಿಪಿಯ ಪಾಠ ಇನ್ನೊಂದು, ಇಂಗ್ಲಿಷ್ ಅನುವಾದ ಮತ್ತೊಂದು. ಒಂದು ಶಾಸನ ಓದಲು ಮೂರು ಕಡೆ ಬೆರಳಿಟ್ಟುಕೊಂಡು ಕೂರಬೇಕು. ಸಾವಿರಾರು ಶಾಸನಗಳನ್ನು ಆ ಕಾಲದಲ್ಲಿ ಪ್ರಕಟಿಸಿದ ಮಹತ್ಕಾರ್ಯದ ಮುಂದೆ ಇದು ಸಣ್ಣ ಮಾತು, ನಿಜ. ಆದರೆ ಅದೇ ಜೋಡಣೆಯ ಅಭ್ಯಾಸ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಇಂದಿನ ಎಷ್ಟೋ ಪುಸ್ತಕಗಳಲ್ಲಿ ಪಾಠ 40ನೇ ಪುಟದಲ್ಲಿದ್ದರೆ ಅದರ ಫೋಟೋ ಕೊನೆಯ ಆರ್ಟ್ ಪೇಪರಿನಲ್ಲಿ, ಅಂಚೆಚೀಟಿ ಗಾತ್ರದಲ್ಲಿ. ಎಪಿಗ್ರಾಫಿಯ ಇಂಡಿಕಾದ ಹಳೆಯ ಪ್ಲೇಟುಗಳು ಇದಕ್ಕಿಂತ ಎಷ್ಟೋ ಮೇಲು: ಲೇಖನದ ನಡುವೆಯೇ ಹೊಲಿದ ಹಾಳೆ, ಅಂಚಿನಲ್ಲಿ ಸಾಲಿನ ಸಂಖ್ಯೆ, ಕೆಳಗೆ ಅಳತೆಯ ಪ್ರಮಾಣ. ಓದುಗ ಏಳನೇ ಸಾಲಿನ ಪಾಠವನ್ನು ಏಳನೇ ಸಾಲಿನ ಚಿತ್ರದ ಜೊತೆ ತಾಳೆ ನೋಡಬಹುದು. ನೂರು ವರ್ಷದ ಹಿಂದೆ ಗೊತ್ತಿದ್ದ ಈ ಸೌಕರ್ಯವನ್ನು ನಾವು ಡಿಜಿಟಲ್ ಕಾಲದಲ್ಲಿ ಕಳೆದುಕೊಂಡಿದ್ದೇವೆ.

ಚಿತ್ರ ಮತ್ತು ಬರಹ ಕೂಡಿ ಇರಬೇಕು ಅನ್ನುವುದಕ್ಕೆ ಪ್ರಯೋಗಶಾಲೆಯ ಸಾಕ್ಷಿಯೇ ಬೇಕಿಲ್ಲ. ಸನ್ನತಿ ಪಕ್ಕದ ಕನಗನಹಳ್ಳಿ ಸ್ತೂಪದ ಆ ಫಲಕ ನೋಡಿದರೆ ಸಾಕು. ರಾಜ, ರಾಣಿ, ಪರಿವಾರದವರು. ಜೊತೆಗೆ ಬ್ರಾಹ್ಮಿಯಲ್ಲಿ ‘ರಾಯಾ ಅಸೋಕೋ’ ಅನ್ನುವ ಎರಡೇ ಪದ. ಹೆಸರು ಇಲ್ಲದಿದ್ದರೆ ಅವನು ಯಾವುದೋ ಒಬ್ಬ ರಾಜ. ಶಿಲ್ಪ ಇಲ್ಲದಿದ್ದರೆ ಆ ಎರಡು ಪದ ಬರಿಯ ಹೆಸರು. ಕೆತ್ತಿದವರಿಗೆ ಅಕ್ಷರ ಎಲ್ಲಿ ಕೂರಬೇಕು ಅನ್ನುವುದು ಚೆನ್ನಾಗಿ ಗೊತ್ತಿತ್ತು.

ವೀರಗಲ್ಲು: ಮೇಲಿಂದ ಕೆಳಗೆ, ಕೆಳಗಿಂದ ಮೇಲೆ

ನಮ್ಮ ನಾಡಿನಲ್ಲಿ ಚಿತ್ರ ಮತ್ತು ಬರಹ ಒಂದೇ ಕಲ್ಲಿನಲ್ಲಿ ಕೂಡುವುದು ಹೆಚ್ಚಾಗಿ ವೀರಗಲ್ಲಿನಲ್ಲಿ. ಮೂರು ಹಂತದ ವೀರಗಲ್ಲು ಎಲ್ಲರಿಗೂ ಪರಿಚಿತ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಲಿಂಗದ ಮುಂದೆ ವೀರ. ಕಥೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಹಂತಗಳ ನಡುವಿನ ಪಟ್ಟಿಗಳಲ್ಲಿರುವ ಬರಹವೋ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಮೊದಲ ಪಟ್ಟಿಯಲ್ಲಿ ಶಕವರ್ಷ, ಆಳುವ ಅರಸನ ಬಿರುದು; ತುರುಗೊಳೋ, ಊರಳಿವೋ, ಸಾವೋ ಕೆಳಗಿನ ಸಾಲುಗಳಿಗೆ ಬರುತ್ತದೆ. ಅಂದರೆ ಒಂದೇ ಕಲ್ಲಿನಲ್ಲಿ ಎರಡು ಓದು ಎದುರುಬದುರು ನಡೆಯುತ್ತಿವೆ. ಅರಸನ ಬಿರುದಿನಿಂದ ಹಳ್ಳಿಯವನ ಸಾವಿನವರೆಗೆ ಒಂದು ಇಳಿಜಾರು, ಆ ಸಾವಿನಿಂದ ಕೈಲಾಸದವರೆಗೆ ಒಂದು ಏರು.

ಮುದ್ರಿತ ಪಾಠದಲ್ಲಿ ಇದು ಪೂರ್ತಿ ಮಾಯ. 1ರಿಂದ 14ರವರೆಗೆ ಸಾಲಿನ ಸಂಖ್ಯೆ ಇರುತ್ತದೆ, ಆದರೆ ನಾಲ್ಕನೇ ಸಾಲಾದ ಮೇಲೆ ಒಂದು ಶಿಲ್ಪದ ಹಂತ ದಾಟಿ ಐದನೇ ಸಾಲಿಗೆ ಬಂದಿದ್ದೇವೆ ಅನ್ನುವುದು ಹೆಚ್ಚಾಗಿ ಇರುವುದಿಲ್ಲ. ಒಂದು ಪುಟ್ಟ ರೇಖಾಚಿತ್ರ ಸಾಕು: ಮೂರು ಚೌಕ, ನಡುವೆ ಪಟ್ಟಿಗಳು, ಪ್ರತಿ ಪಟ್ಟಿಯಲ್ಲಿ ಯಾವ ಸಾಲು ಎಂಬ ಸಂಖ್ಯೆ. ಎರಡು ನಿಮಿಷದ ಕೆಲಸ. ಹತ್ತು ಬಣ್ಣದ ಫೋಟೋ ಮಾಡದ ಉಪಕಾರವನ್ನು ಅದು ಮಾಡುತ್ತದೆ.

ಇಲ್ಲೇ ಒಂದು ಇಕ್ಕಟ್ಟೂ ಇದೆ. ಬ್ರಾನ್ಸ್‌ಫರ್ಡ್ ಪ್ರಯೋಗದ ಪ್ರಕಾರ ಶಿಲ್ಪವನ್ನು ಮೊದಲು ನೋಡಿದರೆ ಪಾಠ ಚೆನ್ನಾಗಿ ಅರ್ಥವಾಗಬೇಕು. ಅರ್ಥವಾಗುತ್ತದೆ ಕೂಡ. ಆದರೆ ನಮ್ಮ ಕೆಲಸದಲ್ಲಿ ‘ಓದು’ ಅನ್ನುವ ಪದಕ್ಕೆ ಎರಡು ಅರ್ಥ. ಗೊತ್ತಿರುವ ಪಾಠವನ್ನು ಗ್ರಹಿಸುವುದು ಒಂದು, ಸವೆದ ಅಕ್ಷರವನ್ನು ಬಿಡಿಸುವುದು ಇನ್ನೊಂದು. ಮೊದಲನೆಯದಕ್ಕೆ ಶಿಲ್ಪ ದೀಪ. ಎರಡನೆಯದಕ್ಕೆ ಅದು ಪೂರ್ವಗ್ರಹ. ಕೆಳಗಿನ ಹಂತದಲ್ಲಿ ದನ ಕೆತ್ತಿದ್ದು ಕಂಡ ಮೇಲೆ, ಸವೆದುಹೋದ ಎರಡು ಅಕ್ಷರ ನನ್ನ ಕಣ್ಣಿಗೆ ‘ತುರು’ ಅಂತಲೇ ಕಾಣುತ್ತದೆ, ಯಾಕೆಂದರೆ ನಾನು ಅದನ್ನೇ ಹುಡುಕುತ್ತಿದ್ದೇನೆ. ಆಮೇಲೆ ಆ ‘ತುರು’ವನ್ನೇ ಮುಂದಿಟ್ಟುಕೊಂಡು ‘ನೋಡಿ, ಶಿಲ್ಪವೂ ಇದನ್ನೇ ಹೇಳುತ್ತದೆ’ ಅನ್ನುತ್ತೇವೆ. ಸಾಕ್ಷಿ ಎರಡಿದ್ದಂತೆ ಕಾಣುತ್ತದೆ, ಇದ್ದದ್ದು ಒಂದೇ. ಆದ್ದರಿಂದ ಓದುಗರ ಪುಸ್ತಕದಲ್ಲಿ ಶಿಲ್ಪ ಮೊದಲು ಬರಲಿ. ಸಂಪಾದಕನ ಮೇಜಿನಲ್ಲಿ ಅದು ಕೊನೆಗೆ ಬರಲಿ. ಆಗುವಂತಿದ್ದರೆ, ಶಿಲ್ಪ ಮುಚ್ಚಿದ ಪಡಿಯಚ್ಚನ್ನು ಇನ್ನೊಬ್ಬರ ಕೈಗೆ ಕೊಟ್ಟು ಅಕ್ಷರ ಮಾತ್ರ ಓದಿಸಬೇಕು.

ಆತಕೂರಿನ ನಾಯಿ

ಚಿತ್ರ ಮತ್ತು ಪಾಠ ಬೇರೆ ಬೇರೆ ಕಡೆಗೆ ಎಳೆಯುವ ಕಲ್ಲುಗಳೂ ಇವೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರು ಕಲ್ಲನ್ನೇ ತೆಗೆದುಕೊಳ್ಳಿ. ಶಕ 872, ಅಂದರೆ ಕ್ರಿ.ಶ. 949–50. ಮೇಲೆ ಕೆತ್ತಿರುವುದು ಒಂದು ನಾಯಿ ಮತ್ತು ಒಂದು ಹಂದಿಯ ಹೋರಾಟ. ಬರಹದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣ, ಗಂಗ ಬೂತುಗ, ತಕ್ಕೋಲದ ಯುದ್ಧ, ಚೋಳ ರಾಜಾದಿತ್ಯನ ಸಾವು. ಜೊತೆಗೆ ಮಣಲೆರ ಎಂಬ ವೀರ, ಅವನು ಬಹುಮಾನವಾಗಿ ಕೇಳಿ ಪಡೆದ ಕಾಳಿ ಎಂಬ ನಾಯಿ, ಆ ನಾಯಿ ದೊಡ್ಡ ಹಂದಿಯೊಂದಿಗೆ ಹೋರಾಡಿ ಎರಡೂ ಸತ್ತದ್ದು, ಅದರ ನೆನಪಿಗೆ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನೆಡಿಸಿ ಭೂಮಿ ಬಿಟ್ಟದ್ದು.

ಮ್ಯೂಸಿಯಮ್ಮಿಗೆ ಬರುವ ಮಕ್ಕಳು ನಾಯಿ ನೋಡಿ ಹೋಗುತ್ತಾರೆ. ಇತಿಹಾಸದ ಪುಸ್ತಕಗಳು ತಕ್ಕೋಲವನ್ನು ಎತ್ತಿಕೊಂಡು ನಾಯಿಯನ್ನು ಅಡಿಟಿಪ್ಪಣಿಗೆ ತಳ್ಳುತ್ತವೆ. ಎರಡೂ ಅರ್ಧ ಓದು. ಈ ಕಲ್ಲು ನೆಟ್ಟದ್ದು ನಾಯಿಗಾಗಿ, ತಕ್ಕೋಲ ಬರುವುದು ಆ ನಾಯಿ ಹೇಗೆ ಮಣಲೆರನ ಕೈಗೆ ಬಂತು ಅನ್ನುವ ಹಿನ್ನೆಲೆಗೆ ಅಂಟಿಕೊಂಡು. ಹೀಗೆ ನೋಡಿದಾಗ ಶಿಲ್ಪ ಪಾಠವನ್ನು ಅಲಂಕರಿಸುತ್ತಿಲ್ಲ, ಪಾಠದಲ್ಲಿ ಯಾವುದು ಮುಖ್ಯ ಅಂತ ಹೇಳುತ್ತಿದೆ. ಪಾಠ ಮಾತ್ರ ಅಚ್ಚಾದ ಪುಸ್ತಕದಲ್ಲಿ ಈ ತೂಕ ಗೊತ್ತಾಗಲ್ಲ.

ಅದೇ ಕಲ್ಲಿನಲ್ಲಿ ಶಿಲ್ಪದ ಮಿತಿಯೂ ಕಾಣುತ್ತದೆ. ಬೂತುಗ ರಾಜಾದಿತ್ಯನನ್ನು ಮೋಸದಿಂದ ಕೊಂದ ಅನ್ನುವ ಅರ್ಥ ಮೊದಮೊದಲು ಚಲಾವಣೆಯಲ್ಲಿತ್ತು. ಆಮೇಲೆ ವಿದ್ವಾಂಸರು ಅದನ್ನು ತಿದ್ದಿದರು. ಆನೆಯ ಮೇಲಿನ ಅಂಬಾರಿಯೇ ರಣರಂಗವಾಯಿತು ಅನ್ನುವ ಅರ್ಥ ನಿಂತಿತು. ಒಬ್ಬ ಅರಸನ ಮಾನ ಒಂದೆರಡು ಪದಗಳ ಓದಿನ ಮೇಲೆ ನಿಂತಿತ್ತು. ಇಂಥ ಜಾಗದಲ್ಲಿ ನಾಯಿ-ಹಂದಿಯ ಚಿತ್ರ ಏನೂ ಮಾಡಲಾರದು. ಬೇಕಾದದ್ದು ಆ ಪದಗಳ, ಆ ಅಕ್ಷರಗಳ ಹತ್ತಿರದ ಚಿತ್ರ. ಇಡೀ ಕಲ್ಲಿನ ಸುಂದರ ಫೋಟೋ ಹಾಕಿ, ವಿವಾದದ ಅಕ್ಷರಗಳ ಫೋಟೋ ಹಾಕದೇ ಇರುವುದು ನಮ್ಮಲ್ಲಿ ತೀರಾ ಸಾಮಾನ್ಯ.

ಬೆಳಕು, ಮಸಿ, ಸ್ಕ್ಯಾನ್

ಇನ್ನು ಕಲ್ಲಿನ ಚಿತ್ರಗಳ ವಿಷಯ. ಫೋಟೋ ಸುಳ್ಳು ಹೇಳುವುದಿಲ್ಲ ಅಂತ ನಂಬಿಕೊಂಡವರು ಒಂದು ಪರೀಕ್ಷೆ ಮಾಡಬಹುದು. ಸಂಜೆ ಟಾರ್ಚ್ ಹಿಡಿದು ಕಲ್ಲಿನ ಕೆಳಗಿನಿಂದ ಬೆಳಕು ಬಿಡಿ, ಫೋಟೋ ತೆಗೆಯಿರಿ. ಕೊರೆದ ಅಕ್ಷರ ಉಬ್ಬಿದಂತೆ ಕಾಣುತ್ತದೆ. ನಮ್ಮ ಕಣ್ಣು ಬೆಳಕು ಯಾವಾಗಲೂ ಮೇಲಿನಿಂದಲೇ ಬೀಳುತ್ತದೆ ಅಂದುಕೊಂಡು ತಗ್ಗು-ಉಬ್ಬನ್ನು ಲೆಕ್ಕ ಹಾಕುತ್ತದೆ, ಅದಕ್ಕೇ ಈ ಭ್ರಮೆ. ಈಗ ಬೆಳಕನ್ನು ನೇರ ಎಡಗಡೆಯಿಂದ ಬಿಡಿ. ನಿಂತ ಗೆರೆಗಳೆಲ್ಲ ನಿಚ್ಚಳ, ಮಲಗಿದ ಗೆರೆಗಳು ಮಂಕು. ಬೆಳಕಿನ ದಿಕ್ಕಿಗೇ ಹರಿಯುವ ಗೆರೆಗೆ ನೆರಳು ಬೀಳುವುದಿಲ್ಲ, ಅಷ್ಟೇ ಕಾರಣ. ತಲೆಕಟ್ಟು ಇದೆಯೋ ಇಲ್ಲವೋ, ‘ದ’ವೋ ‘ಡ’ವೋ ಅನ್ನುವ ಜಗಳದಲ್ಲಿ ಒಂದೇ ಬೆಳಕಿನ ಒಂದು ಫೋಟೋ ಸಾಕ್ಷಿ ಆಗಲಾರದು. ಎರಡು ದಿಕ್ಕಿನ ಬೆಳಕಿನವಾದರೂ ಬೇಕು, ಬೆಳಕು ಎಲ್ಲಿಂದ ಅಂತ ಒಂದು ಬಾಣದ ಗುರುತೂ ಬೇಕು.

ಪಡಿಯಚ್ಚಿಗೆ ಬೆಳಕಿನ ತಾಪತ್ರಯ ಇಲ್ಲ. ಒದ್ದೆ ಕಾಗದವನ್ನು ಕಲ್ಲಿಗೆ ಬ್ರಷ್ಷಿನಿಂದ ಬಡಿದು ಕೂರಿಸಿ ಮಸಿ ಒತ್ತುತ್ತೇವೆ. ಮೇಲ್ಮೈ ಕಪ್ಪಾಗುತ್ತದೆ, ತಗ್ಗು ಬಿಳಿಯಾಗಿ ಉಳಿಯುತ್ತದೆ. ಆದರೆ ಉಳಿಯ ತಗ್ಗು ಮತ್ತು ಬಿರುಕಿನ ತಗ್ಗು ಎರಡೂ ಅದಕ್ಕೆ ಒಂದೇ ಬಿಳಿ. ಆಳ ಎಷ್ಟು, ಅಂಚು ಚೂಪೋ ಮೊಂಡೋ, ಅದು ಹೇಳಲ್ಲ. ಕಲ್ಲಿನ ಮೇಲೆ ಬೆರಳಾಡಿಸಿದರೆ ತಿಳಿಯುವ ವ್ಯತ್ಯಾಸ ಕಾಗದದಲ್ಲಿ ಅಳಿಸಿಹೋಗುತ್ತದೆ.

ಆಳವನ್ನು ಅಳೆಯುವ ಮೂರು ಆಯಾಮದ ಸ್ಕ್ಯಾನ್ ಈ ಕೊರತೆ ತುಂಬಿದೆ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಕೈಗೊಂಡ ಶಾಸನಗಳ ಸ್ಕ್ಯಾನ್ ಕೆಲಸ ನಮ್ಮೆಲ್ಲರಿಗೂ ದೊಡ್ಡ ಉಪಕಾರ. ಬರಿಗಣ್ಣಿಗೆ ಸಿಗದ ಅಕ್ಷರಗಳು ಸ್ಕ್ಯಾನಿನಲ್ಲಿ ಎದ್ದು ಬರುತ್ತವೆ. ಆದರೆ ಒಂದು ಮಾತು ಹೇಳಲೇಬೇಕು. ಸ್ಕ್ಯಾನ್ ಕೊಡುವುದು ಲಕ್ಷಾಂತರ ಬಿಂದುಗಳ ಅಳತೆ, ನಾವು ನೋಡುವುದು ಅದರಿಂದ ತಯಾರಿಸಿದ ಒಂದು ಚಿತ್ರ. ನಡುವೆ ಯಾರೋ ಕೂತು ಎಷ್ಟು ನುಣುಪು ಮಾಡಬೇಕು, ಯಾವ ಆಳದಿಂದ ಬಣ್ಣ ಬದಲಾಗಬೇಕು ಅಂತ ತೀರ್ಮಾನಿಸಿರುತ್ತಾರೆ. ನುಣುಪು ಹೆಚ್ಚಿಸಿದರೆ ಬಿರುಕು ಹೋಗುತ್ತದೆ, ಜೊತೆಗೆ ಸಣ್ಣ ಸೊನ್ನೆಯೂ ಹೋಗಬಹುದು. ಆ ಮೌಲ್ಯಗಳನ್ನು ಚಿತ್ರದ ಕೆಳಗೆ ಬರೆಯದಿದ್ದರೆ ಅದು ಸ್ಕೇಲ್ ಇಲ್ಲದ ಡ್ರಾಯಿಂಗ್.

ಎಲ್ಲಕ್ಕಿಂತ ಅಪಾಯದ್ದು ಕೈಯಿಂದ ಎಳೆದ ನಕಲು. ಕನ್ನಿಂಗ್‌ಹ್ಯಾಮ್ 1877ರಲ್ಲಿ ಅಶೋಕನ ಶಾಸನಗಳ ಸಂಪುಟ ತಂದಾಗ ಕೈಬರಹದ ನಕಲುಗಳನ್ನೇ ನಂಬಬೇಕಾಗಿತ್ತು. ಹುಲ್ಷ್ 1925ರಲ್ಲಿ ಅದೇ ಸಂಪುಟವನ್ನು ಹೊಸದಾಗಿ ಸಂಪಾದಿಸುವಾಗ ಯಾಂತ್ರಿಕ ಪ್ರತಿಗಳ ಪ್ಲೇಟುಗಳನ್ನು ಕೊಟ್ಟರು. ನಕಲು ಎಳೆಯುವವನು ಕಂಡದ್ದನ್ನೂ ಊಹಿಸಿದ್ದನ್ನೂ ಒಂದೇ ದಪ್ಪದ ಗೆರೆಯಲ್ಲಿ ಎಳೆದುಬಿಡುತ್ತಾನೆ ಅನ್ನುವ ಪಾಠ ಆಗಲೇ ಕಲಿತಾಗಿತ್ತು. ಈಗ ಕಂಪ್ಯೂಟರಿನಲ್ಲಿ ಫೋಟೋ ಮೇಲೆ ಕೆಂಪು ಗೆರೆ ಎಳೆದು ‘ಸ್ಪಷ್ಟ ಪ್ರತಿ’ ಅಂತ ಹಂಚುವ ರೂಢಿ ಬಂದಿದೆ. ಮತ್ತೆ ಅದೇ ಹಳೇ ಕಾಯಿಲೆ. ಪಾಠದಲ್ಲಿ ಅನುಮಾನದ ಅಕ್ಷರಕ್ಕೆ ಕಂಸ ಹಾಕುತ್ತೇವೆ, ಹೋದ ಅಕ್ಷರಕ್ಕೆ ಚುಕ್ಕೆ ಇಡುತ್ತೇವೆ. ಆ ಕಂಸ ನಮ್ಮ ಶಾಸ್ತ್ರದ ಪ್ರಾಮಾಣಿಕತೆ. ಅದೇ ಅಕ್ಷರ ಚಿತ್ರಕ್ಕೆ ಬಂದ ಕೂಡಲೇ ಕಂಸ ಕಳಚಿ ಪೂರ್ಣಾಕ್ಷರ ಆಗಿಬಿಡುತ್ತದೆ. ಅದನ್ನು ನೋಡಿದವರು ಕಲ್ಲಿನಲ್ಲೇ ಹಾಗಿದೆ ಅಂತ ನಂಬುತ್ತಾರೆ. ಹೀಗೆ ಒಬ್ಬನ ಊಹೆ ಎರಡೇ ಹೆಜ್ಜೆಯಲ್ಲಿ ಆಧಾರ ಆಗುತ್ತದೆ.

ಅಕ್ಷರದ ಪಟ, ಎಲ್ಲೆಯ ನಕ್ಷೆ

ಗೋಡೆಗೆ ತೂಗುಹಾಕುವ ‘ಕನ್ನಡ ಲಿಪಿ ವಿಕಾಸ’ ಪಟದ ಬಗ್ಗೆ ಸ್ವಲ್ಪ. ಬ್ರಾಹ್ಮಿ, ಕದಂಬ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರ, ಇಂದು: ಒಂದೊಂದು ಮನೆಯಲ್ಲಿ ಒಂದೊಂದು ‘ಕ’. ಆಸಕ್ತಿ ಹುಟ್ಟಿಸಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ, ನಾನೂ ಹೀಗೇ ಶುರು ಮಾಡಿದವನು. ಓದು ಕಲಿಸಲು ಮಾತ್ರ ಇದು ಸಾಲದು. ಹೊಯ್ಸಳರ ಕಾಲಕ್ಕೆ ಒಂದೇ ‘ಕ’ ಇತ್ತೇ? ಒಂದೇ ವರ್ಷದ ಎರಡು ಕಲ್ಲಿನಲ್ಲಿ, ಊರ ಕಲ್ಲುಕುಟಿಗನ ಕೈ ಬೇರೆ, ದೇಗುಲದ ರೂವಾರಿಯ ಕೈ ಬೇರೆ. ಓದುವವನಿಗೆ ಕಷ್ಟ ಕೊಡುವುದು ಬಿಡಿ ‘ಕ’ ಅಲ್ಲ. ಗುಣಿತ, ಒತ್ತಕ್ಷರ, ಹ್ರಸ್ವ-ದೀರ್ಘ ಭೇದ ತೋರಿಸದ ಎಕಾರ-ಒಕಾರಗಳು. ಪಟದಲ್ಲಿ ಇವು ಯಾವುವೂ ಇಲ್ಲ. ಬ್ಯೂಲರ್ 1896ರಲ್ಲಿ ಕೊಟ್ಟ ಲಿಪಿಪಟಗಳಲ್ಲಿ ಒಂದೊಂದು ಕಂಬಸಾಲೂ ಇಂಥ ಶಾಸನದ್ದು ಅಂತ ಗುರುತಿದೆ. ಗೌರೀಶಂಕರ ಓಝಾ ಅವರ ಲಿಪಿಮಾಲೆಯಲ್ಲೂ ಪಟಗಳು ಗೊತ್ತಾದ ಶಾಸನಗಳಿಗೆ ಕಟ್ಟಿಕೊಂಡಿವೆ. ನಮ್ಮ ಜನಪ್ರಿಯ ಪಟಗಳಲ್ಲಿ ಮನೆತನದ ಹೆಸರಿದೆ, ಕಲ್ಲಿನ ಹೆಸರಿಲ್ಲ. ಇಂಥ ಪಟ ನೋಡಿ ಕಾಲ ಕಟ್ಟಿದ ಶಾಸನ ಮುಂದೆ ಇನ್ನೊಂದು ಪಟದ ಮಾದರಿಯಾದರೆ, ನಮ್ಮ ಬಾಲವನ್ನೇ ನಾವು ಹಿಡಿದುಕೊಂಡು ಸುತ್ತಿದಂತೆ.

ನಕ್ಷೆಯಿಂದ ನಿಜವಾದ ಲಾಭ ಇರುವುದು ದಾನಶಾಸನದ ಎಲ್ಲೆಯ ಭಾಗದಲ್ಲಿ. ಮೂಡಣದಿಂದ ಹೊರಟು ಪ್ರದಕ್ಷಿಣೆಯಾಗಿ ಹುಣಸೆಮರ, ಹಳ್ಳ, ನೆಟ್ಟ ಕಲ್ಲು, ಮೋರಡಿ ಅಂತ ಸಾಗುವ ಸಾಲುಗಳನ್ನು ಯಾರೂ ಮನಸ್ಸಿಟ್ಟು ಓದುವುದಿಲ್ಲ. ಲಾರ್ಕಿನ್ ಮತ್ತು ಸೈಮನ್ 1987ರಲ್ಲಿ ತೋರಿಸಿದ್ದು ಇದನ್ನೇ: ವಾಕ್ಯದಲ್ಲೂ ಚಿತ್ರದಲ್ಲೂ ಇರುವ ಮಾಹಿತಿ ಅಷ್ಟೇ ಆದರೂ, ಚಿತ್ರದಲ್ಲಿ ಹುಡುಕುವ ಶ್ರಮ ಕಡಿಮೆ. ಎಲ್ಲೆಯನ್ನು ವೃತ್ತವಾಗಿ ಬರೆದು ಗುರುತುಗಳನ್ನು ಪೋಣಿಸಿದರೆ, ವಾಯವ್ಯದ ಗುರುತೇ ಬಿಟ್ಟುಹೋಗಿದೆ ಅನ್ನುವುದು ಒಂದು ನೋಟಕ್ಕೆ ಸಿಗುತ್ತದೆ. ಆದರೆ ವೃತ್ತವಾಗಿಯೇ ಬರೆಯಬೇಕು. ಶಾಸನ ಹೇಳುವುದು ಕ್ರಮವನ್ನು, ದೂರವನ್ನಲ್ಲ. ಅದನ್ನು ಸರ್ವೆ ನಕ್ಷೆಯ ಹಾಗೆ ಅಂಕುಡೊಂಕಾಗಿ ಎಳೆದರೆ ಶಾಸನ ಹೇಳದ ಆಕಾರವನ್ನು ನಾವೇ ದಾನ ಮಾಡಿದಂತಾಯಿತು.

ಏನು ಮಾಡಬಹುದು

ದೊಡ್ಡ ಸುಧಾರಣೆ ಏನೂ ಬೇಡ. ಚಿತ್ರದ ಅಂಚಿನಲ್ಲಿ ಸಾಲಿನ ಸಂಖ್ಯೆ ಮತ್ತು ಅಳತೆಪಟ್ಟಿ. ಫೋಟೋ ಆದರೆ ಬೆಳಕಿನ ದಿಕ್ಕು, ತೆಗೆದ ದಿನಾಂಕ. ಸ್ಕ್ಯಾನ್ ಆದರೆ ಸಂಸ್ಕರಣೆಯ ಮೌಲ್ಯಗಳು. ರೇಖಾನಕಲಿನಲ್ಲಿ ಕಂಡ ಗೆರೆ ಗಟ್ಟಿಯಾಗಿ, ಊಹೆಯ ಗೆರೆ ತುಂಡುತುಂಡಾಗಿ, ಬಿರುಕು ಬೇರೆ ಬಣ್ಣದಲ್ಲಿ. ಪ್ರತಿಕೃತಿಯ ಫೋಟೋ ಆದರೆ ಪ್ರತಿಕೃತಿ ಅಂತ ಬರೆಯುವುದು. ಹಲ್ಮಿಡಿಯ ಊರಿನಲ್ಲಿ ಈಗ ನಿಂತಿರುವುದು ಪ್ರತಿಕೃತಿ, ಅದರ ಫೋಟೋ ಹಿಡಿದು ಮೂಲದ ಅಕ್ಷರದ ಬಗ್ಗೆ ವಾದ ಮಾಡುವುದು ತರವಲ್ಲ.

ಇಷ್ಟೊಂದು ಕಟ್ಟುನಿಟ್ಟು ಯಾಕೆ ಅಂತ ಕೇಳಬಹುದು. ರಸ್ತೆ ಅಗಲವಾಗುತ್ತಿದೆ, ಕೆರೆ ಏರಿ ಒಡೆಯುತ್ತಿದೆ, ಲೇಔಟುಗಳು ಊರ ಬಾಗಿಲಿಗೆ ಬಂದಿವೆ. ಹಳೆಯ ಸಂಪುಟದಲ್ಲಿ ಪಾಠ ಇರುವ ಎಷ್ಟೋ ಕಲ್ಲುಗಳನ್ನು ಹುಡುಕಿಕೊಂಡು ಹೋದರೆ ಜಾಗ ಮಾತ್ರ ಸಿಗುತ್ತದೆ. ಕಲ್ಲು ಹೋದ ಮೇಲೆ ಚಿತ್ರವೇ ಶಾಸನ. ಐವತ್ತು ವರ್ಷದ ನಂತರ ಒಬ್ಬರು ಆ ಚಿತ್ರವನ್ನು ಮುಂದಿಟ್ಟುಕೊಂಡು ‘ಈ ಗೆರೆ ಕಲ್ಲಿನದ್ದೋ, ಎಳೆದವನದ್ದೋ’ ಅಂತ ಕೇಳುತ್ತಾರೆ. ಅವರಿಗೆ ಉತ್ತರ ಚಿತ್ರದೊಳಗೇ ಸಿಗಬೇಕು, ಹೇಳಲು ನಾವಾಗಲೀ ಕಲ್ಲಾಗಲೀ ಇರುವುದಿಲ್ಲ. ಈ ವಾರ ಹೊಸ ಶಾಸನ ಪ್ರಕಟಿಸುವವರು ಕನಿಷ್ಠ ತುಂಡು ಗೆರೆಯಿಂದ ಶುರು ಮಾಡಿದರೂ ಸಾಕು.